ಅಜ್ಜನ ಷೆವರ್ಲೆ ಕೊಟ್ಟಿಗೆಯಲ್ಲಿದೆ, ಅದರ ಎಂಜಿನ್ ಹೊಳೆಯ ಬದಿಯ ಪಂಪಿನ ಶೆಡ್ಡಿನಲ್ಲಿದೆ. ಎರಡನ್ನೂ ಮತ್ತೆ ಸೇರಿಸಬಹುದೇ?

ತೋಟದಮನೆ:

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿದರೆ ನಮ್ಮ ಮನೆ. ಕೊಟ್ಟಿಗೆಗೆ ತಾಗಿದ ಮಾಡಿನಲ್ಲಿ ಅಜ್ಜನ 1947ರ ಷೆವರ್ಲೆ ಫ್ಲೀಟ್‌ಮಾಸ್ಟರ್ ನಿಂತಿದೆ. ನಿಂತು ಮೂವತ್ತು ವರ್ಷ ದಾಟಿತು. ಟೈರುಗಳು ಬಿರಿದು ರಿಮ್ಮು ನೆಲಕ್ಕೆ ತಾಗಿದೆ, ಹಿಂದಿನ ಸೀಟಿನಲ್ಲಿ ಬೆಕ್ಕುಗಳು ಮರಿ ಹಾಕಿ ಬೆಳೆಸಿವೆ. ಆದರೂ ಬಾಗಿಲು ಹಾಕಿದರೆ ಇಂದಿಗೂ ಕಬ್ಬಿಣದ ತಿಜೋರಿ ಮುಚ್ಚಿದಂತೆ ಗಟ್ಟಿ ಸದ್ದು ಬರುತ್ತದೆ.

ತೊಡಕಿರುವುದು ಬಾನೆಟ್ಟಿನ ಕೆಳಗೆ. 1974ರಲ್ಲಿ ಪೆಟ್ರೋಲ್ ಬೆಲೆ ಕೈಗೆಟುಕದಂತಾದಾಗ ಅಪ್ಪಯ್ಯ ಕಾರಿನ ಆರು ಸಿಲಿಂಡರಿನ ಎಂಜಿನ್ ಇಳಿಸಿ ನಾಲ್ಕು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಹಾಕಿಸಿದರು. ಇಳಿಸಿದ್ದನ್ನು ಮಾರಲಿಲ್ಲ. ಎತ್ತಿನ ಗಾಡಿಯಲ್ಲಿ ಹೊಳೆಯ ಬದಿಗೆ ಸಾಗಿಸಿ, ಪಂಪಿಗೆ ಜೋಡಿಸಿ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತಾ ಹತ್ತು ಹನ್ನೆರಡು ಬೇಸಿಗೆ ತೋಟಕ್ಕೆ ನೀರು ಹಾಯಿಸಿದರು. ಕರೆಂಟಿನ ಮೋಟಾರು ಬಂದ ಮೇಲೆ ಅದನ್ನು ಅಲ್ಲೇ ಬಿಟ್ಟರು. ಈಗಲೂ ಅಲ್ಲೇ ಇದೆ, ಮೇಲೆ ಹೆಂಚಿನ ಮಾಡು ಇದೆ.

ಅಜ್ಜ ಪೇಟೆಗೆ ಹೊರಡುವ ಮುನ್ನ ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, ಎಲೆಗೆ ಸುಣ್ಣ ಹಚ್ಚುತ್ತಾ ನಿಲ್ಲುತ್ತಿದ್ದರಂತೆ. ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಎಂಜಿನ್ನಿನ ಮೇಲಿನ ತಗಡಿನ ಮುಚ್ಚಳದ ಮೇಲೇ ಇಡುತ್ತಿದ್ದರು, ಅದು ಇಟ್ಟಲ್ಲಿಂದ ಕದಲುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ನಾನು ಆ ಎಂಜಿನ್ನಿನ ಸದ್ದು ಕೇಳಿದ್ದು ಕಾರಿನಲ್ಲಲ್ಲ, ಹೊಳೆಯ ಬದಿಯಲ್ಲಿ. ಶಾಲೆಯಿಂದ ಸಂಕ ದಾಟಿ ಬರುವಾಗ, ಬೀಸುವ ಕಲ್ಲು ಒಂದೇ ಹದದಲ್ಲಿ ತಿರುಗಿದ ಹಾಗೆ ಕೇಳಿಸುತ್ತಿತ್ತು.

ಈಗ ಗುಜರಿಯವರು ಎಂಜಿನ್ನನ್ನು ತೂಕಕ್ಕೆ ಕೇಳುತ್ತಿದ್ದಾರೆ. ಬೆಂಗಳೂರಿನ ಒಬ್ಬರು ಕಾರಿನ ಮೈ ಮಾತ್ರ ಸಾಕು ಎನ್ನುತ್ತಾರೆ. ದೀಪಾವಳಿಯೊಳಗೆ ಒಂದು ತೀರ್ಮಾನ ಆಗಬೇಕು ಎಂದು ಚಿಕ್ಕಪ್ಪ ಹಟ ಹಿಡಿದಿದ್ದಾರೆ. ಸುಮಾರು ನಲವತ್ತು ವರ್ಷ ತಿರುಗದೆ ಬಿದ್ದ ಎಂಜಿನ್ ಮತ್ತೆ ತಿರುಗುತ್ತದೆಯೇ? ತಿಳಿದವರು ಹೇಳಿ.

ಗಾಂಧಿಬಜಾರ್ ರಾಯ:

ಮಾರಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಅಡಿಕೆಮಂಡಿ:

ಫ್ಲೀಟ್‌ಮಾಸ್ಟರ್ ಎಂದರೆ ವಿ-8, ಅಂದರೆ ವಿ ಆಕಾರದಲ್ಲಿ ಎರಡು ಸಾಲಾಗಿ ಎಂಟು ಸಿಲಿಂಡರಿರುವ ಎಂಜಿನ್, ಅಲ್ಲವೇ? ಅಮೆರಿಕದ ದೊಡ್ಡ ಕಾರುಗಳೆಲ್ಲ ವಿ-8 ಎಂದೇ ನಾನು ತಿಳಿದಿದ್ದೆ. ಪಂಪಿಗೆ ಹಾಕಿದ್ದು ಬೇರೆ ಯಾವುದೋ ಲಾರಿಯ ಎಂಜಿನ್ ಇರಬಹುದು, ಸರಿಯಾಗಿ ನೋಡಿ.

ಸಾಗರದ ಸ್ಪಾನರ್:

ಅಲ್ಲ. ಆ ಕಾಲದಲ್ಲಿ ವಿ-8 ಫೋರ್ಡಿನದು, 1932ರಿಂದ. ಷೆವರ್ಲೆ 1929ರಿಂದ 1954ರವರೆಗೆ ಕಾರುಗಳಿಗೆ ಹಾಕಿದ್ದು ಆರು ಸಿಲಿಂಡರಿನ ಇನ್‌ಲೈನ್ ಎಂಜಿನ್ ಮಾತ್ರ. ವಿ-8 ಕೊಟ್ಟದ್ದು 1955ರ ಮಾದರಿಗೆ. ಅಕ್ಕ ಹೇಳುತ್ತಿರುವ ಕಾರಿನದು 216 ಘನ ಅಂಗುಲದ್ದು, ಅಂದರೆ ಸುಮಾರು ಮೂರೂವರೆ ಲೀಟರ್, 90 ಅಶ್ವಶಕ್ತಿ. ಆರೂ ಸಿಲಿಂಡರುಗಳು ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಹಾಗೆ ಒಂದೇ ಸಾಲಿನಲ್ಲಿ ಇರುತ್ತವೆ. ಮೇಲೆ ಸಿಲಿಂಡರುಗಳನ್ನು ಮುಚ್ಚುವ ಒಂದೇ ಹೆಡ್ಡು, ಅದರ ಮೇಲೆ ಉದ್ದನೆಯ ತಗಡಿನ ಮುಚ್ಚಳ. ಸುಣ್ಣದ ಡಬ್ಬಿ ಇಟ್ಟದ್ದು ಅದರ ಮೇಲೆಯೇ.

ನಾನು ಈ ಕೆಲಸಕ್ಕೆ ಸೇರಿದ್ದು ಹದಿನಾಲ್ಕನೇ ವಯಸ್ಸಿನಲ್ಲಿ. ಮೇಸ್ತ್ರಿ ಮೊದಲು ಕಲಿಸಿದ್ದು ಮಗ್ಗಿಯ ಹಾಗೆ ಎರಡು ಸಾಲು. ನಾಲ್ಕು ಸಿಲಿಂಡರಿಗೆ ಒಂದು, ಮೂರು, ನಾಲ್ಕು, ಎರಡು. ಆರಕ್ಕೆ ಒಂದು, ಐದು, ಮೂರು, ಆರು, ಎರಡು, ನಾಲ್ಕು. ಕಿಡಿ ಹೊತ್ತುವ ಸರದಿ ಅದು. ಪ್ಲಗ್ಗಿನ ವೈರು ಒಂದು ಅದಲುಬದಲಾದರೂ ಕಾರ್ಬ್ಯುರೇಟರಿನಿಂದ ಬೆಂಕಿ ಕಾರುತ್ತಿತ್ತು, ಬೆನ್ನಿಗೆ ಮೇಸ್ತ್ರಿಯ ಏಟು ಬೀಳುತ್ತಿತ್ತು.

ಅಕ್ಕ, ಒಂದು ಕೆಲಸ ಮಾಡಿ. ಎಂಜಿನ್ನಿನ ಬಲಬದಿಯಲ್ಲಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವ ಜಾಗದ ಪಕ್ಕದಲ್ಲಿ, ಬ್ಲಾಕಿನ (ಸಿಲಿಂಡರುಗಳಿರುವ ಎರಕದ ದಿಮ್ಮಿಯ) ಮೇಲೆ ಚಪ್ಪಟೆ ಜಾಗ ಇರುತ್ತದೆ. ಜಿಡ್ಡು ಕೆರೆದು ಸೀಮೆಎಣ್ಣೆಯಲ್ಲಿ ಒರೆಸಿದರೆ ಸಂಖ್ಯೆ ಕಾಣುತ್ತದೆ. ಹಳೆಯ ಆರ್‌ಸಿ ಪುಸ್ತಕ ಇದ್ದರೆ ತಾಳೆ ನೋಡಿ. ಸದ್ಯಕ್ಕೆ ಅದನ್ನು ತಿರುಗಿಸಲು ಮಾತ್ರ ಹೋಗಬೇಡಿ.

ಕೊಪ್ಪದ ಕಂಪೌಂಡರ್ ಮಗ:

ಸುಣ್ಣದ ಡಬ್ಬಿಯ ಮಾತು ನಂಬಲು ಕಷ್ಟ. ನಮ್ಮ ಡಾಕ್ಟರ ಬಳಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ನಾಲ್ಕು ಸಿಲಿಂಡರ್, 948 ಸಿ.ಸಿ. ಚಾಲೂ ಮಾಡಿದರೆ ಔಷಧಿ ಪೆಟ್ಟಿಗೆಯ ಬಾಟಲಿಗಳೆಲ್ಲ ಟಣಟಣ ಎನ್ನುತ್ತಿದ್ದವು. ಮಗುಚಿ ಬೀಳದಿರಲಿ ಎಂದು ನನ್ನ ಅಪ್ಪ ಆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದರು.

ಆದರೆ ಆ ಕಾರಿನ ಒಂದು ಗುಣ ಇಂದಿನ ಯಾವ ಕಾರಿಗೂ ಇಲ್ಲ. ಬಾನೆಟ್ಟೂ ಮಡ್‌ಗಾರ್ಡೂ ಒಟ್ಟಿಗೆ ಮುಂದಕ್ಕೆ ಮಗುಚಿಕೊಳ್ಳುತ್ತಿದ್ದವು. ಎಂಜಿನ್, ಮುಂದಿನ ಚಕ್ರ, ಸ್ಟೇರಿಂಗಿನ ರಾಡು ಎಲ್ಲವೂ ಬಯಲಿಗೆ. ಡಾಕ್ಟರು ಟೈರಿನ ಮೇಲೆ ಕುಳಿತು ಟ್ಯಾಪೆಟ್ ಸರಿಮಾಡುತ್ತಿದ್ದರು. ರೋಗಿಯ ಎದೆಗೆ ಇಡುವ ಸ್ಟೆತಾಸ್ಕೋಪನ್ನೇ ಎಂಜಿನ್ನಿಗೂ ಇಟ್ಟು ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭದ್ರಾವತಿಯ ಹಳಬ:

ನಾಲ್ಕು ಸಿಲಿಂಡರಿನ ಅನುಭವದಿಂದ ಆರರ ಬಗ್ಗೆ ತೀರ್ಪು ಕೊಡಬಾರದು. ನಾಲ್ಕರಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ನೋಡಲು ಸಮ ಎನಿಸುತ್ತದೆ, ಆದರೆ ಸಮವಲ್ಲ. ಪಿಸ್ಟನ್ನನ್ನು ಕೆಳಗಿನ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡು ಓರೆಯಾಗುವುದರಿಂದ ಸುತ್ತಿನ ಮೇಲರ್ಧದಲ್ಲಿ ಪಿಸ್ಟನ್ನಿನ ವೇಗ ಹೆಚ್ಚು, ಕೆಳ ಅರ್ಧದಲ್ಲಿ ಕಡಿಮೆ. ಆ ವ್ಯತ್ಯಾಸ ಪ್ರತಿ ಸುತ್ತಿಗೆ ಎರಡು ಬಾರಿ ನಡುಕವಾಗಿ ಹೊರಬರುತ್ತದೆ. ಆರರಲ್ಲಿ ಪಿಸ್ಟನ್ನುಗಳು ಜೋಡಿ ಜೋಡಿಯಾಗಿ 120 ಡಿಗ್ರಿ ಅಂತರದಲ್ಲಿ ಇರುವುದರಿಂದ ಒಂದು ಜೋಡಿಯ ನಡುಕವನ್ನು ಉಳಿದೆರಡು ಜೋಡಿಗಳು ನುಂಗಿಬಿಡುತ್ತವೆ. ಇದು ಲೆಕ್ಕ, ಅಜ್ಜಿಯ ಕಥೆಯಲ್ಲ. ಡಬ್ಬಿ ಕದಲಲಿಲ್ಲ ಎಂದರೆ ನಾನು ನಂಬುತ್ತೇನೆ.

ಕೊಪ್ಪದ ಕಂಪೌಂಡರ್ ಮಗ:

ಹಾಗಾದರೆ ಆರು ಸಿಲಿಂಡರಿನ ಸಾಲು ಎಂಜಿನ್ ಯಾಕೆ ಮರೆಯಾಯಿತು? ಅಷ್ಟು ಒಳ್ಳೆಯದಾದರೆ ಎಲ್ಲರೂ ಅದನ್ನೇ ಇಟ್ಟುಕೊಳ್ಳಬೇಕಿತ್ತು.

ಭದ್ರಾವತಿಯ ಹಳಬ:

ಉದ್ದ. ಮುಂದಿನ ಚಕ್ರಕ್ಕೇ ಶಕ್ತಿ ಕೊಡುವ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕೂರುತ್ತದೆ. ಆರು ಸಿಲಿಂಡರಿನ ಸಾಲು ಅಲ್ಲಿ ಹಿಡಿಯುವುದು ಕಷ್ಟ, ಅದಕ್ಕೇ ವಿ-6 ಹೆಚ್ಚಾಯಿತು. ಬಿಎಂಡಬ್ಲ್ಯು ಇಂದಿಗೂ ಸಾಲಿನ ಆರನ್ನು ಬಿಟ್ಟಿಲ್ಲ. ಮರ್ಸಿಡಿಸ್ ಬಿಟ್ಟು, ಮತ್ತೆ 2017ರಲ್ಲಿ ಅದಕ್ಕೇ ಮರಳಿತು. ಮರೆಯಾಯಿತು ಎಂಬ ಮಾತೇ ತಪ್ಪು.

ಬೆಂಗಳೂರಿನ ಮಲೆನಾಡಿಗ:

ಕ್ಷಮಿಸಿ, ಕಟುವಾಗಿ ಹೇಳುತ್ತೇನೆ. ಅಂಥ ಎಂಜಿನ್ ಕಿತ್ತು ಡೀಸೆಲ್ ಹಾಕಿಸಿದ್ದು ಅನ್ಯಾಯ. ನಮ್ಮ ಕಡೆಯ ಎಷ್ಟೋ ಡಾಜ್, ಪ್ಲಿಮತ್, ಷೆವರ್ಲೆಗಳು ಹೀಗೆಯೇ ಹಾಳಾದವು. ಮೈ ಉಳಿಯಿತು, ಜೀವ ಹೋಯಿತು. ಇನ್ನೂ ಹತ್ತು ವರ್ಷ ಹಾಗೇ ಇಟ್ಟಿದ್ದರೆ ಕಳೆದುಕೊಳ್ಳುವುದೇನಿತ್ತು?

ಹುಲಿಕಲ್ಲಿನವ:

ಕಳೆದುಕೊಳ್ಳುವುದೇನಿತ್ತು ಎಂದು ಕೇಳಿದಿರಿ. ನಾನು ಹೇಳುತ್ತೇನೆ.

ನನ್ನ ಅಪ್ಪ ಹೊಸನಗರದಲ್ಲಿ ಡಾಜ್ ಟ್ಯಾಕ್ಸಿ ಓಡಿಸುತ್ತಿದ್ದರು. ಅದರಲ್ಲೂ ಮೊದಲಿಗೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇತ್ತು. 1973ರ ಕೊನೆಯಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಇಲ್ಲಿ ಪೆಟ್ರೋಲ್ ಬೆಲೆ ಏರಿದ್ದು ನಿಮ್ಮ ಹಿರಿಯರಿಗೂ ನೆನಪಿರಬೇಕು. ಬಾಡಿಗೆ ಏರಿಸಿದರೆ ಹತ್ತುವವರಿಲ್ಲ, ಏರಿಸದಿದ್ದರೆ ಟ್ಯಾಂಕು ತುಂಬುವುದಿಲ್ಲ. ಮಳೆಗಾಲದಲ್ಲಿ ನಡುರಾತ್ರಿ ಬಾಣಂತಿಯರನ್ನು, ಹಾವು ಕಚ್ಚಿದವರನ್ನು ಹುಲಿಕಲ್ ಘಾಟಿ ಇಳಿಸಿ ಮಣಿಪಾಲಕ್ಕೆ ಮುಟ್ಟಿಸುತ್ತಿದ್ದ ಗಾಡಿ ಅದು. ಅಮ್ಮನ ಎರಡು ಬಳೆ ಅಡವಿಟ್ಟು ಡೀಸೆಲ್ ಹಾಕಿಸಿದರು. ಎರಡು ವರ್ಷದಲ್ಲಿ ಬಳೆ ಬಿಡಿಸಿಕೊಂಡರು, ನಾನು ಮತ್ತು ತಂಗಿ ಓದಿದೆವು.

ಸದ್ದು ಕರ್ಕಶವಾಗಿತ್ತು, ಹೌದು. ಸೀಟು ನಡುಗುತ್ತಿತ್ತು. ಡೀಸೆಲ್ ವಾಸನೆ ಅಪ್ಪನ ಅಂಗಿಯಿಂದ ಕೊನೆಯವರೆಗೂ ಹೋಗಲಿಲ್ಲ. ಆದರೆ ಅದನ್ನು ಅನ್ಯಾಯ ಎನ್ನಬೇಡಿ. ಅಂದ ಹಾಗೆ, ಆ ಡೀಸೆಲ್ ಕೂಡ ಸಾಲಿನ ಎಂಜಿನ್ನೇ.

ಗಾಂಧಿಬಜಾರ್ ರಾಯ:

ಈ ಮಾತಿಗೆ ನನ್ನ ಪೂರ್ಣ ಸಹಮತ. ನಮ್ಮ ಓಣಿಯಲ್ಲಿ ಆಗ ಎರಡು ದೊಡ್ಡ ಕಾರುಗಳಿದ್ದವು. ಡೀಸೆಲ್ ಹಾಕಿಸಿಕೊಂಡದ್ದು ಕೊನೆಯವರೆಗೂ ರಸ್ತೆಯಲ್ಲಿ ಕಂಡಿತು. ಹಾಕಿಸಿಕೊಳ್ಳದ್ದು ಒಂದೇ ವರ್ಷದಲ್ಲಿ ಗುಜರಿಗೆ ಹೋಯಿತು. ಡೀಸೆಲ್ ಹಾಕಿಸಿದ್ದಕ್ಕೇ ಅಕ್ಕನ ಮನೆಯ ಕಾರಿನ ಮೈ ಇಂದು ಉಳಿದಿರುವುದು.

ಬೆಂಗಳೂರಿನ ಮಲೆನಾಡಿಗ:

ಹುಲಿಕಲ್ಲಿನವರೇ, ನಿಮ್ಮ ತಂದೆಯವರ ಕಥೆ ಓದಿ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬಾಡಿಗೆ ಗಾಡಿಯ ಲೆಕ್ಕವೇ ಬೇರೆ, ನಾನು ಅದನ್ನು ಯೋಚಿಸಿರಲಿಲ್ಲ. ಆದರೆ ಈಗ ಎರಡೂ ಕೈಯಲ್ಲಿರುವಾಗ ಮೂಲ ಎಂಜಿನ್ನನ್ನೇ ಕೂರಿಸಬೇಕು ಎಂಬುದರಲ್ಲಿ ನನ್ನ ನಿಲುವು ಬದಲಾಗಿಲ್ಲ. ಅದಕ್ಕೆ ಕಾನೂನಿನ ಕಾರಣವೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಮೈ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ಸಂಖ್ಯೆಯ ನಡುವೆ ವಿಎ ಎಂಬ ಅಕ್ಷರಗಳು. ಮೊದಲೇ ನೋಂದಣಿ ಇರುವ ಗಾಡಿ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ದಿನವೂ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗಷ್ಟೇ.

ಡೀಸೆಲ್ ಎಂಜಿನ್ ಇದ್ದರೆ ಈ ಬಾಗಿಲೇ ತೆರೆಯುವುದಿಲ್ಲ. ಮೈ ಮಾತ್ರ ಸಾಕು ಎನ್ನುವವರಿಗೆ ಅವಸರದಲ್ಲಿ ಕೊಡಬೇಡಿ.

ತೋಟದಮನೆ:

ಎಲ್ಲರಿಗೂ ಧನ್ಯವಾದಗಳು. ಸಾಗರದಣ್ಣ ಹೇಳಿದಂತೆ ಇಂದು ಬೆಳಿಗ್ಗೆ ಶೆಡ್ಡಿಗೆ ಹೋದೆವು. ಜಿಡ್ಡಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಪಾಚಿ. ಕೆರೆದು ಒರೆಸಿದಾಗ ಸಂಖ್ಯೆ ಕಂಡಿತು. ಅಜ್ಜನ ಟ್ರಂಕಿನಲ್ಲಿ ಮೈಸೂರು ಸಂಸ್ಥಾನದ ಕಾಲದ ಪುಸ್ತಕ ಇತ್ತು, ಅಂಚು ಗೆದ್ದಲು ತಿಂದಿದೆ, ಸಂಖ್ಯೆ ಉಳಿದಿದೆ. ಅಕ್ಷರ ಅಕ್ಷರ ತಾಳೆಯಾಯಿತು. ಪುಸ್ತಕ ಹಿಡಿದುಕೊಂಡಿದ್ದ ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ಓದು ಎಂದರು.

ಅಡಿಕೆಮಂಡಿ:

ಹಾಗಾದರೆ ನನ್ನ ಅನುಮಾನ ತಪ್ಪಾಯಿತು. ಸಂತೋಷ. ನಮ್ಮ ಮನೆಯಲ್ಲಿ ಇದ್ದದ್ದು ಅಂಬಾಸಿಡರ್ ಮಾರ್ಕ್ 2. ಹಿಂದಿನ ಸೀಟು ಕಿತ್ತು ಅಡಿಕೆ ಮೂಟೆ ತುಂಬಿ ಶಿವಮೊಗ್ಗದ ಮಂಡಿಗೆ ಒಯ್ಯುತ್ತಿದ್ದೆವು. ಆ ಎಂಜಿನ್ ಬಗ್ಗೆಯೂ ಯಾರಾದರೂ ಬರೆಯಿರಿ, ಮಲೆನಾಡಿಗೆ ಅದರಷ್ಟು ದುಡಿದದ್ದು ಬೇರೊಂದಿಲ್ಲ.

ಮಂಡಗದ್ದೆಯ ಸೊಸೆ:

ದುಡಿದದ್ದು ನಿಜ, ಮಳೆಗೆ ಹೆದರಿದ್ದೂ ನಿಜ. ನಮ್ಮ ಮಾವನವರ ಅಂಬಾಸಿಡರಿನದು 1489 ಸಿ.ಸಿ.ಯ ಬಿಎಂಸಿ ಎಂಜಿನ್. ಜುಲೈ ತಿಂಗಳಲ್ಲಿ ಹಳ್ಳ ರಸ್ತೆಗೆ ಬಂದಾಗ ಫ್ಯಾನು ನೀರನ್ನು ಎತ್ತಿ ಡಿಸ್ಟ್ರಿಬ್ಯೂಟರಿನ ಮೇಲೆ ಎರಚುತ್ತಿತ್ತು. ನಡುನೀರಿನಲ್ಲಿ ಎಂಜಿನ್ ನಿಂತರೆ ಆಯಿತು. ಮಾವ ಪಂಚೆ ಎತ್ತಿ ಕಟ್ಟಿ ಇಳಿದು, ಡಿಸ್ಟ್ರಿಬ್ಯೂಟರಿನ ಕ್ಯಾಪು ಬಿಚ್ಚಿ, ನನ್ನ ಸೆರಗು ಕೇಳುತ್ತಿದ್ದರು. ಕಾರಿನಲ್ಲಿ ಒಣಗಿದ ಬಟ್ಟೆ ಎಂದರೆ ಅದೊಂದೇ ಇರುತ್ತಿತ್ತು. ಕ್ಯಾಪಿನ ಒಳಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಹಿತ್ತಾಳೆಯ ಮೊಳೆಗಳಂಥವು, ನಡುವೆ ಬಟಾಣಿ ಕಾಳಿನಷ್ಟು ಇಂಗಾಲದ ತುಂಡು. ಆ ಐದನ್ನೂ ಒಂದೊಂದಾಗಿ ಒರೆಸಿ ಕೊಡುವುದು ನನ್ನ ಕೆಲಸವಾಗಿತ್ತು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ಕಲಿತೆ.

ಮರುವರ್ಷ ಮಾವ ಉಪಾಯ ಕಂಡುಕೊಂಡರು. ಅಗಲವಾದ ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿ, ಫ್ಯಾನಿಗೂ ಡಿಸ್ಟ್ರಿಬ್ಯೂಟರಿಗೂ ನಡುವೆ ತಂತಿಯಲ್ಲಿ ಕಟ್ಟಿದರು. ಕ್ಯಾಪಿನ ಮೇಲೆ ಸೈಕಲ್ ಟ್ಯೂಬಿನ ತುಂಡು. ಆಮೇಲೆ ಎಷ್ಟೇ ನೀರಿದ್ದರೂ ನಿಲ್ಲಲಿಲ್ಲ. ಪ್ರತಿ ಆಷಾಢಕ್ಕೆ ಹೊಸ ಹಾಳೆ.

ಸಾಗರದ ಸ್ಪಾನರ್:

ಅಮ್ಮ, ಹಾಳೆಯ ಉಪಾಯ ನಾನೂ ಬೇರೆ ಕಾರುಗಳಲ್ಲಿ ನೋಡಿದ್ದೇನೆ. ಯಾವ ಕಂಪನಿಯೂ ಇಷ್ಟು ಅಗ್ಗದಲ್ಲಿ ಕೊಡಲಾರದು. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು ಕಷ್ಟ. ಘಾಟಿ ಹತ್ತುವಾಗ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಕಾರ್ಬ್ಯುರೇಟರಿಗೆ ಹನಿಯೂ ಹೋಗುತ್ತಿರಲಿಲ್ಲ. ಆಗುಂಬೆಯ 14 ತಿರುವುಗಳಲ್ಲಿ ಎಲ್ಲಾದರೂ ಕಾರು ನಿಂತಿದ್ದರೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಎಲ್ಲರೂ ನೆರಳಿನಲ್ಲಿ ಕುಳಿತಿರುತ್ತಿದ್ದರು.

ನಗರದ ಜೀಪು:

ಅಂಬಾಸಿಡರಿನಷ್ಟು ದುಡಿದದ್ದು ಬೇರೊಂದಿಲ್ಲ ಎಂಬುದನ್ನು ಒಪ್ಪುವುದಿಲ್ಲ. ರಸ್ತೆಯೇ ಇಲ್ಲದ ಊರುಗಳಿಗೆ ಹೋದದ್ದು ವಿಲ್ಲಿಸ್ ಜೀಪು. 2.2 ಲೀಟರಿನ ನಾಲ್ಕು ಸಿಲಿಂಡರು, ವಾಲ್ವುಗಳು ಬ್ಲಾಕಿನೊಳಗೇ ಸಿಲಿಂಡರುಗಳ ಪಕ್ಕದಲ್ಲಿ, 60 ಅಶ್ವಶಕ್ತಿ. ಆಮೇಲೆ ಒಳಗೆಳೆಯುವ ವಾಲ್ವನ್ನು ಮೇಲಕ್ಕೆ ತಂದರು, ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ಮಹೀಂದ್ರದ ಹಳೆಯ ಜೀಪುಗಳ ಎತ್ತರದ ಮೂತಿಗೆ ಕಾರಣ ಅದೇ.

ಹ್ಯಾಂಡಲ್ ಹಾಕಿ ಚಾಲೂ ಮಾಡುವುದನ್ನು ದೊಡ್ಡಪ್ಪ ನನಗೆ ಕಲಿಸಿದ್ದು ಅದರಲ್ಲೇ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ನಾಲ್ಕು ಬೆರಳುಗಳ ಜೊತೆಗೇ ಇಡಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಕಿಡಿ ಬೇಗ ಹೊತ್ತಿ ಎಂಜಿನ್ ಹಿಮ್ಮುಖವಾಗಿ ಒದ್ದರೆ ಹ್ಯಾಂಡಲ್ ತಾನಾಗಿ ಬೆರಳಿನಿಂದ ಜಾರುತ್ತದೆ. ಹೆಬ್ಬೆರಳು ಸುತ್ತಿದ್ದರೆ ಮಣಿಕಟ್ಟು ಮುರಿಯುತ್ತದೆ. ದೊಡ್ಡಪ್ಪನ ಬಲಗೈ ಕೊನೆಯವರೆಗೂ ಪೂರ್ತಿ ಮಡಚುತ್ತಿರಲಿಲ್ಲ.

ಭದ್ರಾವತಿಯ ಹಳಬ:

ಹಿಂದಿನ ಮಾತಿಗೆ ಹೋಗುವುದಾದರೆ, ಪೆಟ್ರೋಲೇ ಇಲ್ಲದ ಕಾಲವೂ ಒಂದಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ಇದ್ದಿಲಿನ ಡ್ರಮ್ಮು ಕಟ್ಟಿ ಓಡಿಸಿದರು. ಇದ್ದಿಲು ಅರೆಬರೆ ಉರಿದು ಬರುವ ಅನಿಲವೇ ಎಂಜಿನ್ನಿಗೆ ಆಹಾರ. ಹೊರಡುವ ಮುನ್ನ ಕ್ಲೀನರು ಬಹಳ ಹೊತ್ತು ತಿದಿ ತಿರುಗಿಸಬೇಕಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಿತ್ತು. ನನ್ನ ತಂದೆ ಕಾರ್ಖಾನೆಯಲ್ಲಿದ್ದವರು. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದ್ದೇ ಮಲೆನಾಡಿನ ಕಾಡಿನ ಇದ್ದಿಲಿನಿಂದ. ಕಬ್ಬಿಣವೂ ಅದರಿಂದಲೇ, ಬಸ್ಸೂ ಅದರಿಂದಲೇ ಎಂದು ಹೇಳುತ್ತಿದ್ದರು. ಎಷ್ಟು ಮರ ಹೋಯಿತೋ ಎಂದು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಗಾಂಧಿಬಜಾರ್ ರಾಯ:

ಮಾತು ಬಹಳ ದೂರ ಹೋಯಿತು. ತೋಟದಮನೆಯವರ ಪ್ರಶ್ನೆಗೆ ಬನ್ನಿ. ತಿರುಗುತ್ತದೆಯೋ ಇಲ್ಲವೋ?

ಸಾಗರದ ಸ್ಪಾನರ್:

ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಈ ಎಂಜಿನ್ನಿನ ಬಗ್ಗೆ ನನಗೆ ಮೂರು ಹೆದರಿಕೆ ಇದೆ. ಮೊದಲನೆಯದು ಎಣ್ಣೆ. 216ರಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಒತ್ತಡದ ಎಣ್ಣೆ ಹೋಗುವುದಿಲ್ಲ. ರಾಡಿನ ಬುಡದಲ್ಲಿ ಚಮಚದಂಥ ಒಂದು ಮೂತಿ ಇರುತ್ತದೆ, ಅದು ಸುತ್ತುವಾಗ ಕೆಳಗಿನ ತಟ್ಟೆಯ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಬೇರಿಂಗ್ ಎಂದರೂ ಇಂದಿನ ಹಾಗೆ ತೆಗೆದು ಹಾಕುವ ಬಿಲ್ಲೆಯಲ್ಲ, ರಾಡಿಗೇ ಎರಕ ಹೊಯ್ದ ಬ್ಯಾಬಿಟ್ ಎಂಬ ಮೆತ್ತನೆಯ ಲೋಹ. ಸೀಮೆಎಣ್ಣೆಯಲ್ಲಿ ಓಡಿಸಿದ ಎಂಜಿನ್ನಿನಲ್ಲಿ ಉರಿಯದ ಸೀಮೆಎಣ್ಣೆ ಪಿಸ್ಟನ್ ಪಕ್ಕದಿಂದ ಇಳಿದು ಎಣ್ಣೆಯನ್ನು ತೆಳುವಾಗಿಸುತ್ತದೆ. ನಿಮ್ಮ ಅಪ್ಪಯ್ಯ ಎಣ್ಣೆಯನ್ನು ಬೇಗ ಬೇಗ ಬದಲಿಸುತ್ತಿದ್ದರೇ, ನೆನಪಿದೆಯೇ? ಅದರ ಮೇಲೆ ಎಲ್ಲ ನಿಂತಿದೆ.

ಎರಡನೆಯದು ನೀರು. ರೇಡಿಯೇಟರ್ ಇಲ್ಲದೆ ಹೊಳೆಯ ನೀರನ್ನೇ ಬ್ಲಾಕಿನೊಳಗೆ ಹರಿಸಿರುತ್ತಾರೆ. ಒಳಗೆಲ್ಲ ಹೂಳು ಕೂತಿರುತ್ತದೆ. ಬ್ಲಾಕಿನ ಪಕ್ಕದ ಬಿಲ್ಲೆಗಳನ್ನು ಕಿತ್ತು ತಂತಿ ಹಾಕಿ ಕೆದಕಬೇಕು. ಮೂರನೆಯದು ಇಲಿ. ಮೇಲಿನ ತಗಡಿನ ಮುಚ್ಚಳದೊಳಗೆ ಅವು ಗೂಡು ಕಟ್ಟಿದ್ದರೆ ವಾಲ್ವುಗಳು ಅಂಟಿಕೊಂಡಿರುತ್ತವೆ. ನೋಡದೆ ತಿರುಗಿಸಿದರೆ ವಾಲ್ವು ತೆರೆಯಲು ತಳ್ಳುವ ಕಡ್ಡಿ, ಪುಶ್‌ರಾಡು, ಬಾಗುತ್ತದೆ.

ಈಗ ಆರೂ ಪ್ಲಗ್ಗು ಬಿಚ್ಚಿ. ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಪ್ರತಿ ತೂತಿಗೂ ಹೊಯ್ಯಿರಿ. ಚಿಂದಿಬಟ್ಟೆ ತುರುಕಿ ಮುಚ್ಚಿ. ಹತ್ತು ದಿನ ಮುಟ್ಟಬೇಡಿ, ನಡುವೆ ಇಳಿದಿದ್ದರೆ ಮತ್ತಷ್ಟು ಹೊಯ್ಯಿರಿ. ಆಮೇಲೆ ಎಂಜಿನ್ನಿನ ಹಿಂಬದಿಯ ಭಾರದ ಚಕ್ರದ, ಅಂದರೆ ಫ್ಲೈವ್ಹೀಲಿನ, ಹಲ್ಲಿಗೆ ಹಾರೆ ಕೊಟ್ಟು ಮೆಲ್ಲಗೆ ಮೀಟಿ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. ಸುತ್ತಿಗೆ ಮುಟ್ಟಬೇಡಿ. ಬ್ಯಾಟರಿ ಕೊಟ್ಟು ತಿರುಗಿಸುವ ಯೋಚನೆಯೇ ಬೇಡ. ಅಂದ ಹಾಗೆ ಆ ಕಾರಿನದು 6 ವೋಲ್ಟ್, ಈಗಿನ 12 ವೋಲ್ಟ್ ಬ್ಯಾಟರಿಯನ್ನು ಯಾರೂ ಜೋಡಿಸದಂತೆ ನೋಡಿಕೊಳ್ಳಿ.

ಬೆಂಗಳೂರಿನ ಮಲೆನಾಡಿಗ:

ಡೀಸೆಲ್ ಬದಲು ಆಟೋಮ್ಯಾಟಿಕ್ ಗೇರಿನ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿದರೆ ಬೇಗ ಇಳಿಯುತ್ತದೆ.

ಸಾಗರದ ಸ್ಪಾನರ್:

ಇಳಿಯುತ್ತದೆ. ಅಸಿಟೋನ್ ಬೇಗ ಆರಿಯೂ ಹೋಗುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೆಂಚಿನ ಶೆಡ್ಡಿನಲ್ಲಿ, ಪಕ್ಕದಲ್ಲೇ ಸೋಗೆ ರಾಶಿ ಇರುವ ಕಡೆ, ಅದನ್ನು ನಾನು ಹೇಳುವುದಿಲ್ಲ. ನಲವತ್ತು ವರ್ಷ ಕಾದದ್ದು ಇನ್ನು ಹತ್ತು ದಿನ ಕಾಯಲಿ.

ತೋಟದಮನೆ:

ಅಪ್ಪಯ್ಯ ಎಣ್ಣೆ ಬದಲಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಶೆಡ್ಡಿನ ಗೋಡೆಯಲ್ಲಿ ಇದ್ದಿಲಿನಿಂದ ಗೀಟು ಹಾಕುತ್ತಿದ್ದರು, ದಿನಕ್ಕೊಂದು. ಇಪ್ಪತ್ತು ಗೀಟಾದರೆ ಎಣ್ಣೆ ಇಳಿಸಿ, ಗೀಟುಗಳ ಮೇಲೆ ಅಡ್ಡಗೆರೆ ಎಳೆದು ಮತ್ತೆ ಒಂದರಿಂದ ಶುರು. ಇಂದು ಟಾರ್ಚು ಹಿಡಿದು ನೋಡಿದೆ. ಸುಣ್ಣದ ಗೋಡೆಯಲ್ಲಿ ಆ ಗೀಟುಗಳು ಇನ್ನೂ ಇವೆ. ಕೊನೆಯ ಸಾಲಿನಲ್ಲಿ ಏಳೇ ಗೀಟು.

ಹುಲಿಕಲ್ಲಿನವ:

ಅಕ್ಕ, ಆ ಗೋಡೆಗೆ ಸುಣ್ಣ ಹೊಡೆಸಬೇಡಿ.

ಸಾಗರದ ಸ್ಪಾನರ್:

ಇಪ್ಪತ್ತು ದಿನಕ್ಕೊಮ್ಮೆ ಎಣ್ಣೆ ಬದಲಿಸಿದವರ ಎಂಜಿನ್ನಿನ ಬ್ಯಾಬಿಟ್ ಉಳಿದಿರುತ್ತದೆ. ನನಗೆ ಈಗ ಧೈರ್ಯ ಬಂತು.

ತೋಟದಮನೆ:

ಹನ್ನೊಂದು ದಿನಗಳಾದವು. ಮೇಲಿನ ಮುಚ್ಚಳ ತೆಗೆದಾಗ ಇಲಿಗೂಡು ಇತ್ತು, ಒಣಹುಲ್ಲು ಮತ್ತು ಅಡಿಕೆ ಸಿಪ್ಪೆ. ಹನ್ನೆರಡು ವಾಲ್ವುಗಳಲ್ಲಿ ಮೂರು ಅಂಟಿಕೊಂಡಿದ್ದವು, ಎಣ್ಣೆ ಬಿಟ್ಟು ಮರದ ತುಂಡಿನಿಂದ ಒತ್ತುತ್ತಾ ಎರಡು ದಿನದಲ್ಲಿ ಬಿಡಿಸಿದೆವು. ಐದನೇ ಸಿಲಿಂಡರಿನಲ್ಲಿ ಡೀಸೆಲ್ ಇಳಿಯಲೇ ಇಲ್ಲ, ಉಳಿದವುಗಳಲ್ಲಿ ಇಳಿಯಿತು.

ಇಂದು ಬೆಳಿಗ್ಗೆ ಹಾರೆ ಕೊಟ್ಟೆವು. ಮೊದಲು ಕೆಲಸದವರು ಮೀಟಿದರು, ಕದಲಲಿಲ್ಲ. ನನ್ನ ಮಗ ಮೀಟಿದ, ಕದಲಲಿಲ್ಲ. ಆಮೇಲೆ ಚಿಕ್ಕಪ್ಪ ಅಂಗಿ ಬಿಚ್ಚಿಟ್ಟು ಬಂದರು. ಅವರಿಗೆ ಎಪ್ಪತ್ತೆರಡು. ಬೇಡ ಎಂದರೂ ಕೇಳಲಿಲ್ಲ. ಹಾರೆಗೆ ಎದೆಯ ಭಾರ ಕೊಟ್ಟು ನಿಂತರು. ಪಕ್ಕನೆ ಒಂದು ಸದ್ದಾಯಿತು, ಒಣ ಅಡಿಕೆ ಒಡೆದ ಹಾಗೆ. ಏನೋ ಮುರಿಯಿತು ಎಂದೇ ಎಲ್ಲರೂ ಅಂದುಕೊಂಡೆವು. ನೋಡಿದರೆ ಫ್ಲೈವ್ಹೀಲು ಎರಡು ಹಲ್ಲು ಮುಂದೆ ಬಂದಿತ್ತು. ಹಿಂದಕ್ಕೆ ಮೀಟಿದರೆ ಹಿಂದಕ್ಕೂ ಬಂತು. ಪ್ಲಗ್ಗಿನ ತೂತಿನಿಂದ ಕಪ್ಪು ಎಣ್ಣೆ ಗುಳುಗುಳು ಎಂದು ಮೇಲೆ ಬಂತು.

ಗುಜರಿಯವರಿಗೆ ಚಿಕ್ಕಪ್ಪನೇ ಫೋನ್ ಮಾಡಿ ಬರಬೇಡಿ ಎಂದಿದ್ದಾರೆ. ಈಗ ಮುಂದೇನು ಮಾಡಲಿ? ಪೂರ್ತಿ ಒಂದು ಸುತ್ತು ತಿರುಗಿಸಬಹುದೇ?

ಸಾಗರದ ಸ್ಪಾನರ್:

ಬೇಡ, ಅಲ್ಲಿಗೇ ನಿಲ್ಲಿಸಿ. ಐದನೆಯದರ ಪಿಸ್ಟನ್ ರಿಂಗು ಇನ್ನೂ ಹಿಡಿದುಕೊಂಡಿದೆ, ಪೂರ್ತಿ ಸುತ್ತಿದರೆ ಸಿಲಿಂಡರಿನ ಒಳಗೋಡೆ ಗೀರುತ್ತದೆ. ಹೆಡ್ಡು ಬಿಚ್ಚಿ ನೋಡಲೇಬೇಕು. ಭಾನುವಾರ ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಬರುತ್ತೇನೆ. ಸ್ಪಾನರುಗಳನ್ನು ನಾನೇ ತರುತ್ತೇನೆ, ಅಳತೆ ಅಂಗುಲದ್ದು ಬೇಕು, ಈಗಿನವು ಕೂರುವುದಿಲ್ಲ. ಹೆಡ್ಡು ಭಾರ ಇರುತ್ತದೆ, ನಾಲ್ಕು ಜನ ಇರಲಿ. ಅಗಲವಾದ ಒಂದು ಹಲಗೆಯ ಮೇಲೆ ಒಣ ಗೋಣಿ ಹಾಸಿಡಿ.

ಭದ್ರಾವತಿಯ ಹಳಬ:

ಹೆಡ್ ಗ್ಯಾಸ್ಕೆಟ್ಟಿನ ಅಳತೆಯನ್ನು ಕಾಗದದ ಮೇಲೆ ಒತ್ತಿ ತೆಗೆದುಕೊಳ್ಳಿ. ತಾಮ್ರದ ತಗಡು ನನ್ನ ಬಳಿ ಇದೆ. ಬ್ಲಾಕಿನಲ್ಲಿ ಬಿರುಕು ಕಂಡರೆ ಕಾಯಿಸಿ ವೆಲ್ಡ್ ಮಾಡಿಸಬೇಡಿ, ಎರಕದ ಕಬ್ಬಿಣ ಇನ್ನಷ್ಟು ಸೀಳುತ್ತದೆ. ಹಾಗೇ ತನ್ನಿ, ನೋಡೋಣ.

ಮಂಡಗದ್ದೆಯ ಸೊಸೆ:

ಭಾನುವಾರ ನಾವೂ ಬರಬಹುದೇ? ಮಾವನವರಿಗೆ ಎಂಬತ್ತಾರು. ಇದನ್ನೆಲ್ಲ ಓದಿ ಹೇಳಿದಾಗಿನಿಂದ ಅವರು ಕೇಳುತ್ತಲೇ ಇದ್ದಾರೆ.

ತೋಟದಮನೆ:

ಬನ್ನಿ, ಎಲ್ಲರೂ ಬನ್ನಿ. ಊಟ ನಮ್ಮಲ್ಲೇ. ಹೊಳೆಯ ಬದಿಗೆ ಇಳಿಯುವ ಮೆಟ್ಟಿಲು ಜಾರುತ್ತದೆ, ಮಾವನವರಿಗೆ ಕುರ್ಚಿ ಹಾಕಿಸಿ ಹೊತ್ತು ಇಳಿಸುತ್ತೇವೆ.